ಮಧ್ಯಾಹ್ನ ಒಂದು ಗಂಟೆಯ ಅಳತೆ

ಸೇತುವೆ ಪಕ್ಕದ ಕ್ವಾರ್ಟರ್ಸ್,
ಹದಿನಾಲ್ಕನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಒಂದೇ ಕಡೆ ಕೂತು ಪುಸ್ತಕ ಹೊಲಿಯುವ ಕೆಲಸದಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದಂತೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನೀನು ಓಡಾಡುವುದಿಲ್ಲ, ನನಗೆ ಗೊತ್ತು. ಕೂತರೆ ಕೂತಲ್ಲೇ ಬೇರು ಬಿಡುವವನು ನೀನು. ಊಟ ಸರಿಯಾಗಿ ಮಾಡುತ್ತಿದ್ದೀಯಾ, ಇಲ್ಲ ಬನ್ನು ಚಹಾದಲ್ಲೇ ದಿನ ತಳ್ಳುತ್ತಿದ್ದೀಯಾ? ನಿನ್ನ ಫೋನ್ ನಂಬರು ಬದಲಾಗಿದೆ. ಹೊಸದು ಗೊತ್ತಿದ್ದವರು ನನಗೆ ಕೊಡುತ್ತಿಲ್ಲ, ಕೊಡಬೇಡಿ ಎಂದು ನೀನೇ ಹೇಳಿದ್ದೀಯಂತೆ. ಬೇಸರವಿಲ್ಲ. ಹಾಗಾಗಿ ಈ ಕಾಗದ. ಶನಿವಾರದಿಂದ ಬರೆಯುತ್ತಿದ್ದೇನೆ, ನಾಲ್ಕು ಹಾಳೆ ಹರಿದು ಹಾಕಿದೆ, ಇದು ಐದನೆಯದು. ಇಪ್ಪತ್ತೆರಡು ವರ್ಷ ಬರೀ ಅಂಕಿ ಬರೆದ ಕೈ ಕಣೋ ಇದು, ಅಕ್ಷರಕ್ಕೆ ಬಗ್ಗುತ್ತಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆಯುತ್ತೇನೆ. ನಿನ್ನ ಭಾವನಿಗೆ ಈಗ ಹತ್ತಿರದ ಬಸ್ ರೂಟು ಸಿಕ್ಕಿದೆ, ದಿನಾ ಸಂಜೆ ಮನೆಗೆ ಬರುತ್ತಾರೆ. ಬಸ್ಸಿನಲ್ಲಿ ಬೈದು ಬೈದು ಗಂಟಲು ಕಟ್ಟಿಸಿಕೊಂಡು ಬರುವುದರಿಂದ ಮನೆಯಲ್ಲಿ ಬಹಳ ಸಂಭಾವಿತರು. ಮೆಣಸು ಮೊನ್ನೆ ಹತ್ತು ತುಂಬಿಸಿಕೊಂಡಳು. ನೀನಿಟ್ಟ ಹೆಸರೇ ಗಟ್ಟಿಯಾಯಿತು ನೋಡು, ಶಾಲೆಯಲ್ಲಿ ಟೀಚರುಗಳೂ ಮೆಣಸು ಎಂದೇ ಕರೆಯುತ್ತಾರೆ. ಖಾರವೂ ಹಾಗೇ ಇದೆ. ಅವಳಿಗೆ ಕೂದಲು ಹೆಗಲ ಕೆಳಗೆ ಬಂದಿದೆ, ನನ್ನ ಭುಜಕ್ಕೆ ಬರುತ್ತಾಳೆ. ನಿನ್ನ ಹಳೆಯ ಟಾರ್ಚು ಅವಳ ಹತ್ತಿರವಿದೆ, ಸೆಲ್ಲಿಲ್ಲದಿದ್ದರೂ ದಿಂಬಿನ ಕೆಳಗೇ ಇಟ್ಟುಕೊಳ್ಳುತ್ತಾಳೆ. ಮಾಮ ಯಾಕೆ ಬರುವುದಿಲ್ಲ ಎಂದು ಕೇಳುವುದನ್ನು ಈ ವರ್ಷ ಬಿಟ್ಟಿದ್ದಾಳೆ. ಮೊದಲು ದಿನಾ ಕೇಳಿದಾಗ ಸಿಟ್ಟು ಬರುತ್ತಿತ್ತು. ಈಗ ಕೇಳದಿರುವಾಗ ಏನಾಗುತ್ತದೆ ಎಂದು ಬರೆಯಲಾರೆ.

ಒಂದು ದೊಡ್ಡ ಸುದ್ದಿ ಇದೆ. ನನ್ನ ಕೆಲಸ ಮುಗಿಯಿತು. ಹೋದ ತಿಂಗಳು ಸೇತುವೆಯ ಮೂರನೇ ಕಂಬಕ್ಕೆ ಒಂದು ಪೆಟ್ಟಿಗೆ ಕಟ್ಟಿಹೋದರು, ಅಪ್ಪನ ಟ್ರಂಕಿನ ಅರ್ಧದಷ್ಟಿದೆ. ಅದೇ ನೀರಿನ ಮಟ್ಟ ನೋಡುತ್ತದೆ, ಅದೇ ಕಾಲು ಗಂಟೆಗೊಮ್ಮೆ ಅಣೆಕಟ್ಟಿಗೆ ಸುದ್ದಿ ಕಳಿಸುತ್ತದೆ. ಅದಕ್ಕೆ ಮೆಟ್ಟಿಲು ಇಳಿಯುವ ಕೆಲಸವಿಲ್ಲ, ಛತ್ರಿ ಬೇಡ, ಪಾಚಿಯಲ್ಲಿ ಜಾರಿ ಮಂಡಿ ಒಡೆದುಕೊಳ್ಳುವುದಿಲ್ಲ. ಅಪ್ಪ ಬಣ್ಣ ಬಳಿದ ಆ ಅಳತೆಪಟ್ಟಿ ಕಂಬದ ಮೇಲೆ ಇನ್ನೂ ಇದೆ, ಆದರೆ ಅದನ್ನು ಓದುವವರು ಬೇಕಿಲ್ಲ. ನನ್ನನ್ನು ಆಫೀಸಿನ ಉಗ್ರಾಣಕ್ಕೆ ಹಾಕಿದ್ದಾರೆ. ಹೋಗುವ ಮೊದಲು ಹಳೆಯ ರಿಜಿಸ್ಟರುಗಳನ್ನೆಲ್ಲ ಒಪ್ಪಿಸಬೇಕಿತ್ತು. ಅಪ್ಪನ ಕಾಲದ ಹದಿನೆಂಟು, ನನ್ನ ಕಾಲದ ಇಪ್ಪತ್ತೆರಡು. ನನ್ನ ಕಾಲದ ಪ್ರತಿಯೊಂದರ ಕೊನೆಗೂ 'ಇದರಲ್ಲಿರುವ ಎಲ್ಲ ಅಳತೆಗಳನ್ನೂ ನಾನೇ ಕಣ್ಣಾರೆ ನೋಡಿ ಬರೆದಿದ್ದೇನೆ' ಎಂದು ಬರೆದು ರುಜು ಹಾಕಬೇಕು. ಇಪ್ಪತ್ತೊಂದಕ್ಕೆ ಹಾಕಿದೆ. ಒಂದು ಉಳಿಯಿತು.

ನಿನಗೆ ನೆನಪಿದೆಯೇ, ಅಮ್ಮ ತೀರಿಹೋದ ವರ್ಷ ನಿನಗೆ ಐದು, ನನಗೆ ಹನ್ನೆರಡು. ಅಪ್ಪ ನೀರು ನೋಡಲು ಇಳಿದಾಗ ನೀನು ಸೇತುವೆಯ ಕಟ್ಟೆಗೆ ಆತುಕೊಂಡು ಅಳುತ್ತಿದ್ದೆ, ಅಪ್ಪನೂ ಹೊಳೆಗೆ ಹೋಗಿಬಿಡುತ್ತಾನೆ ಎಂದು. ನಾನು ನಿನ್ನನ್ನು ಸೊಂಟಕ್ಕೇರಿಸಿಕೊಂಡು, ನೋಡು, ಈ ನೀರು ಇಲ್ಲಿಂದ ಹೊರಟು ಮೂರು ಗಂಟೆಗೆ ಅಣೆಕಟ್ಟು ಸೇರುತ್ತೆ, ಅಲ್ಲಿ ಗೋಡೆ ಇದೆ, ಮುಂದೆ ಎಲ್ಲೂ ಹೋಗಲ್ಲ ಎನ್ನುತ್ತಿದ್ದೆ. ಅದನ್ನು ಕೇಳಿ ಕೇಳಿಯೇ ನೀನು ಗೇಟ್ ಆಪರೇಟರ್ ಆದೆ ಎಂದು ನನಗೆ ಒಳಗೊಳಗೇ ಹೆಮ್ಮೆ. 'ಅಕ್ಕ ನೀರು ಕಳಿಸ್ತಾಳೆ, ನಾನು ಹಿಡಿದು ಇಟ್ಕೋತೀನಿ' ಎಂದು ಕೆಲಸ ಸಿಕ್ಕಿದ ದಿನ ಇಡೀ ಕ್ವಾರ್ಟರ್ಸಿಗೆ ಕೇಳುವ ಹಾಗೆ ಕೂಗಿದ್ದೆಯಲ್ಲ. ಮಳೆಗಾಲದಲ್ಲಿ ಗಂಟೆಗೊಂದು ಫೋನು. ನಾನು ಅಂಕಿ ಹೇಳುವುದು, ನೀನು ಅದನ್ನೇ ತಿರುಗಿ ಹೇಳುವುದು, ಬರೆದುಕೊಳ್ಳುವುದು. ಆಮೇಲೆ ಅರ್ಧ ನಿಮಿಷ ನಮ್ಮ ಮಾತು: ಏನು ತಿಂದೆ, ಒದ್ದೆ ಸಾಕ್ಸ್ ತೆಗೆದೆಯಾ, ಮೆಣಸು ಏನು ಮುರಿದಳು. ಸರ್ಕಾರದ ಫೋನಿನಲ್ಲಿ ಅಷ್ಟು ಹರಟಿದ ಅಕ್ಕ ತಮ್ಮ ಈ ನದಿಯ ಮೇಲೆ ಬೇರೆ ಯಾರೂ ಇರಲಿಕ್ಕಿಲ್ಲ.

ಮೂರು ವಾರದ ಹಿಂದೆ ಗ್ರೀಸ್ ಮಾಮ ಮನೆಗೆ ಬಂದಿದ್ದರು. ನಿನ್ನ ಜೊತೆ ಹನ್ನೊಂದು ವರ್ಷ ಒಂದೇ ಪಾಳಿಯಲ್ಲಿದ್ದವರಲ್ಲವೇ, ನಿನ್ನನ್ನು ನೋಡಲೆಂದೇ ಅಷ್ಟು ದೂರ ಹೋಗಿ ಬಂದರಂತೆ. ನಿವೃತ್ತಿಯಾದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ಚಹಾ ಲೋಟ ಕೈಗೆ ತೆಗೆದುಕೊಂಡರು. ಆಮೇಲೆ ಹೇಳಿದರು. ನಿನಗೆ ಮೊದಲು ಯಾವುದೋ ಎತ್ತರದ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕಿತ್ತಂತೆ. ಮೊದಲ ದಿನ ಗುಂಡಿಯ ಮೇಲೆ ಬೆರಳಿಟ್ಟವನು ಒತ್ತಲಾಗದೆ ನಿಂತುಬಿಟ್ಟೆಯಂತೆ, ಒಳಗಿದ್ದವರು ಬೈದು ಇಳಿದು ಹೋದರಂತೆ. ಅದಕ್ಕೇ ಬೈಂಡಿಂಗ್ ಅಂಗಡಿ ಸೇರಿದ್ದು, ಅಲ್ಲಿ ಸೂಜಿ ದಾರ ಮಾತ್ರ ಎಂದು. ಮತ್ತೆ, ಮಾಮನ ಹತ್ತಿರ ನೀನು ಒಂದೇ ಮಾತನ್ನು ಮೂರು ಸಲ ಹೇಳಿದೆಯಂತೆ: 'ಮೂರು ಗಂಟೆಗೇ ಯಾರನ್ನೂ ಕೇಳದೆ ಒಂದು ಗೇಟು ಅರ್ಧ ಅಡಿ ಎತ್ತಿದ್ರೆ ಸಾಕಿತ್ತು ಮಾಮ. ಕಾಲಿಗೆ ನೀರು ತಾಗಿ ಅವಳೇ ಎದ್ದು ಹೋಗ್ತಿದ್ಲು. ನಾನು ಕೇಳ್ತಾ ನಿಂತೆ.' ಮಾಮ ಲೋಟ ಕೆಳಗಿಟ್ಟು ನನ್ನನ್ನೇ ಕೇಳಿದರು, 'ಅವನ ತಪ್ಪೇನಮ್ಮ ಇದ್ರಲ್ಲಿ? ನೀನಾದ್ರೂ ಬುದ್ಧಿ ಹೇಳು. ನಿನ್ನ ಮಾತು ಕೇಳ್ತಾನೆ.' ನಾನು ಒಲೆಯ ಕಡೆ ತಿರುಗಿ ನಿಂತೆ.

ಅವಳ ಬಗ್ಗೆ ಬರೆಯಲು ನಿನ್ನ ಅಪ್ಪಣೆ ಬೇಕು ಅನ್ನಿಸುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಅವಳ ವಿಷಯ ಮೊದಲು ಗೊತ್ತಾಗಿದ್ದು ನನಗೇ. ನಿನ್ನ ಅಂಗಿಗಳು ಇದ್ದಕ್ಕಿದ್ದಂತೆ ಹಲಗೆಯ ಹಾಗೆ ಗರಿಗರಿಯಾಗಿ ಬರತೊಡಗಿದವು. ಹದಿನೈದು ವರ್ಷ ಅಂಗಿಯನ್ನು ಮುದ್ದೆ ಮಾಡಿ ತೊಟ್ಟವನಿಗೆ ಇದೇನು ಬಂತು ಎಂದು ಕೇಳಿದರೆ, ಆಸ್ಪತ್ರೆಯ ಬಟ್ಟೆ ಒಗೆಯುವವರಿಗೆ ಕೊಟ್ಟೆ ಎಂದೆ. ಮೂವತ್ತೊಂದು ವರ್ಷದ ಗಂಡಸು ಕಿವಿಯವರೆಗೆ ಕೆಂಪಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿ ಸದಾ ನೀಲಿಯಾಗಿರುತ್ತಿತ್ತು, ಅದಕ್ಕೆ ನೀನು ಅವಳನ್ನು ನೀಲಿ ಎಂದೇ ಕರೆದೆ. ಒಮ್ಮೆ ಮನೆಗೆ ಕರೆತಂದೆ. ಗಂಡ ಸತ್ತು ಆರು ವರ್ಷವಾದವಳು, ನನಗಿಂತ ಒಂದು ಮಾತು ಕಡಿಮೆ ಆಡುವವಳಲ್ಲ. ನಮ್ಮ ಪರದೆ ಮುಟ್ಟಿ ನೋಡಿ, 'ಅಕ್ಕಾ, ಇದನ್ನ ಒಗೆದು ಎಷ್ಟು ವರ್ಷ ಆಯ್ತು, ನಿಜ ಹೇಳಿ' ಎಂದಳು. ಆವತ್ತೇ ನನಗೆ ಹಿಡಿಸಿಬಿಟ್ಟಳು. ಮಳೆಗಾಲ ಕಳೆದ ಮೇಲೆ ಅವಳ ತಾಯಿಯ ಹತ್ತಿರ ಮಾತಾಡೋಣ ಎಂದು ನಾವಿಬ್ಬರೂ ನಿಶ್ಚಯಿಸಿದ್ದೆವು. ಮಳೆಗಾಲ ಕಳೆದೂ ಇತ್ತು.

ನಾಲ್ಕು ವರ್ಷದ ಹಿಂದಿನ ಆ ಗುರುವಾರ ನಿನ್ನ ಕಡೆ ಏನಾಯಿತು ಎಂಬುದು ನಿನಗೆ ಗೊತ್ತು. ನಾನು ಅದನ್ನು ವಿಚಾರಣೆಯಲ್ಲಿ ಬೆಂಚಿನ ಮೇಲೆ ಕೂತು ನಿನ್ನ ಬಾಯಿಂದ ಕೇಳಿದೆ. ಜಲಾಶಯ ಕಂಠಮಟ್ಟ ತುಂಬಿತ್ತು, ಎರಡು ವಾರದಿಂದ ಎಲ್ಲ ಗೇಟೂ ಮುಚ್ಚಿದ್ದವು. ಕೆಳಗೆ ಹೊಳೆ ಒಣಗಿ ಬಂಡೆಗಳು ಎದ್ದಿದ್ದವು. ಬಟ್ಟೆ ಒಗೆಯುವವರು ಏಳು ಜನ ನಡುಹೊಳೆಯ ದೊಡ್ಡ ಬಂಡೆಯ ಮೇಲೆ ಆಸ್ಪತ್ರೆಯ ಹಾಸು ಹೊದಿಕೆ ಹರಡಿದ್ದರು. ಬೆಟ್ಟದ ಕಡೆ ಮಾತ್ರ ಮತ್ತೆ ಮಳೆ ಹಿಡಿದಿತ್ತು, ಅದಕ್ಕೇ ಬೆಳಿಗ್ಗೆ ಗಂಟೆಗೊಂದು ಅಳತೆ ಕೊಡಿ ಎಂದು ಆರ್ಡರ್ ಬಂದಿತ್ತು. ಹನ್ನೆರಡಕ್ಕೆ ನಾಲ್ಕು ಮೀಟರ್ ಇಪ್ಪತ್ತು. ಒಂದಕ್ಕೆ ನಾಲ್ಕು ಮೂವತ್ತು. ಎರಡಕ್ಕೆ ನಾಲ್ಕು ನಲವತ್ತು. ಮೂರಕ್ಕೆ ಏಳು ಹತ್ತು. ನೀನು ಕೂಡಲೇ ಮೇಲಿನವರಿಗೆ ಫೋನ್ ಮಾಡಿದೆ. ಅವರು ನಂಬಲಿಲ್ಲ. 'ಒಂದು ಗಂಟೇಲಿ ಹತ್ತತ್ರ ಮೂರು ಮೀಟರ್ ಏರುತ್ತೇನಯ್ಯಾ? ನಿಮ್ಮಕ್ಕ ಕನ್ನಡಕ ಹಾಕ್ಕೊಂಡು ನೋಡ್ಲಿ, ಇನ್ನೊಂದು ಸಲ ಕೇಳು' ಎಂದರು. ನೀನು ಕೇಳಿದೆ, ನಾನು ಅದನ್ನೇ ಹೇಳಿದೆ. ಮತ್ತೆ ಫೋನು, ಮತ್ತೆ ಕಾಯುವುದು. ಒಪ್ಪಿಗೆ ಬಂದಾಗ ಗಂಟೆ ಮೂರು ನಲವತ್ತು. ಅಷ್ಟರಲ್ಲಿ ನೀರು ಬಾಗಿಲಿಗೇ ಬಂದಿತ್ತು, ಒಂದೊಂದಾಗಿ ಎತ್ತಲು ಸಮಯವಿರಲಿಲ್ಲ, ಎಲ್ಲವನ್ನೂ ಒಟ್ಟಿಗೇ ಎತ್ತಬೇಕಾಯಿತು. ಸೈರನ್ ಕೂಗಿಸಿ, ಗ್ರೀಸ್ ಮಾಮನನ್ನು ದಂಡೆಗೆ ಓಡಿಸಿ, ಹತ್ತು ನಿಮಿಷ ಕೊಡಿ ಎಂದು ಬೇಡಿ, ಸಿಕ್ಕಿದ ಆರು ನಿಮಿಷ ಕಿಟಕಿಯಲ್ಲಿ ಬಿಳಿ ಬಟ್ಟೆಗಳನ್ನೇ ನೋಡುತ್ತ ನಿಂತು, ಆಮೇಲೆ ನೀನು ಗುಂಡಿ ಒತ್ತಿದೆ. ಐದು ಜನ ದಡ ಸೇರಿದರು. ಅವರ ಜೊತೆ ನೀಲಿಯೂ ಸೇರಿದ್ದಳು. ಕಿವಿ ಕೇಳದ ಮುದುಕ ಬಂಡೆಯ ಆಚೆ ಮಗ್ಗುಲಲ್ಲಿ ಬಟ್ಟೆ ಕುಕ್ಕುತ್ತಲೇ ಇದ್ದ, ಸೈರನ್ ಅವನಿಗೆ ಕೇಳಿಸಿರಲಿಲ್ಲ. ಅವನನ್ನು ಕರೆತರಲು ಅವಳು ತಿರುಗಿ ಹೋದಳು.

ಇನ್ನು ನಿನಗೆ ಗೊತ್ತಿಲ್ಲದ್ದು.

ಒಂದು ಗಂಟೆಯ ಅಳತೆಯನ್ನು ನಾನು ನೋಡಿಲ್ಲ ತಮ್ಮಾ. ಎರಡು ಗಂಟೆಯದನ್ನೂ ನೋಡಿಲ್ಲ. ಆಗ ನಾನು ಸೇತುವೆಯ ಹತ್ತಿರವೇ ಇರಲಿಲ್ಲ. ಮೆಣಸಿಗೆ ಬೆಳಿಗ್ಗೆಯಿಂದ ಜ್ವರ, ನೂರನಾಲ್ಕು. ಆರು ವರ್ಷದ ಕೂಸು, ಕಣ್ಣು ಮೇಲೆ ಮಾಡಿದಳು. ಭಾವ ದೂರದ ರೂಟಿನಲ್ಲಿದ್ದರು. ಹನ್ನೆರಡರ ಅಳತೆ ನೋಡಿ ನಿನಗೆ ಹೇಳಿ, ದಾರಿಯಲ್ಲಿ ಹೋಗುತ್ತಿದ್ದ ಹಾಲಿನ ವ್ಯಾನ್ ಹತ್ತಿ ಕ್ಲಿನಿಕ್ಕಿಗೆ ಹೋದೆ. ಒಂದರೊಳಗೆ ಬಂದುಬಿಡುತ್ತೇನೆ ಎಂದುಕೊಂಡಿದ್ದೆ. ಅಲ್ಲಿ ಸರದಿ ಇತ್ತು, ಇಂಜೆಕ್ಷನ್ ಕೊಟ್ಟರು, ತಿರುಗಿ ಬರಲು ಗಾಡಿ ಸಿಗಲಿಲ್ಲ, ಮಗುವನ್ನು ಬಿಟ್ಟು ಬರುವಂತಿರಲಿಲ್ಲ. ಒಂದು ಗಂಟೆಗೆ ಕ್ಲಿನಿಕ್ಕಿನ ಬೆಂಚಿನಿಂದಲೇ ನಿನಗೆ ಫೋನ್ ಮಾಡಿದೆ. ಬಿಸಿಲಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು, ಇನ್ನೆಷ್ಟು ಏರೀತು ಎಂದುಕೊಂಡೆ. ಹನ್ನೊಂದಕ್ಕೆ ನಾಲ್ಕು ಹತ್ತು, ಹನ್ನೆರಡಕ್ಕೆ ನಾಲ್ಕು ಇಪ್ಪತ್ತು ಇತ್ತಲ್ಲ, ಅದರ ಮೇಲೆ ಹತ್ತು ಸೇರಿಸಿ, 'ನಾಲ್ಕು ಮೂವತ್ತು' ಎಂದೆ. 'ನಾಲ್ಕು ಮೂವತ್ತು, ಸರಿ ಅಕ್ಕ' ಎಂದೆ ನೀನು. ಆಮೇಲೆ ನಮ್ಮ ಅರ್ಧ ನಿಮಿಷದಲ್ಲಿ, 'ಇವತ್ತು ಕೆಳಗೆ ಬಂಡೆಯೆಲ್ಲ ಬೆಳ್ಳಗಾಗಿದೆ ಅಕ್ಕ' ಎಂದು ನಕ್ಕೆ. ಯಾರು ಹರಡಿದ ಬಟ್ಟೆ ಎಂದು ನಾನೇನೂ ಕೇಳಲಿಲ್ಲ, ನಾನೂ ನಕ್ಕೆ. ಎರಡು ಗಂಟೆಗೂ ಅದೇ ಮಾಡಿದೆ. ಎರಡನೆಯ ಸಲ ನಾಲಿಗೆ ತಡವರಿಸಲೂ ಇಲ್ಲ.

ಮೂರಕ್ಕೆ ಹತ್ತು ನಿಮಿಷ ಇದ್ದಾಗ ಸೇತುವೆಗೆ ಬಂದೆ. ಕಂಬ ನೋಡಿದೆ. ಅಪ್ಪನ ಕೆಂಪು ಗೆರೆಗಳಲ್ಲಿ ಅರ್ಧಕ್ಕರ್ಧ ಕಾಣಿಸುತ್ತಿರಲಿಲ್ಲ. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಬೇರು ಸಮೇತ ಒಂದು ಮರ ಕಂಬಕ್ಕೆ ಸಿಕ್ಕಿಕೊಂಡು ತಿರುಗುತ್ತಿತ್ತು. ದಡದ ಗೋಡೆಯ ಮೇಲಿನ ಒದ್ದೆ ನೋಡಿದರೆ ಒಂದು ಗಂಟೆಗೂ ಮೊದಲೇ ಏರತೊಡಗಿದ್ದು ಯಾರಿಗಾದರೂ ತಿಳಿಯುತ್ತಿತ್ತು. ಆ ಮೊದಲ ನೀರು ಆಗಲೇ ಎರಡು ಗಂಟೆಯ ದಾರಿ ನಡೆದಾಗಿತ್ತು. ಒಂದು ಗಂಟೆಗೆ ನಾನು ಇದ್ದದ್ದನ್ನು ಹೇಳಿದ್ದರೆ ನೀನು ಒಂದೂಕಾಲಿಗೇ ಒಂದು ಗೇಟು ಸ್ವಲ್ಪ ಎತ್ತುತ್ತಿದ್ದೆ. ಅವರ ಕಾಲಡಿ ನೀರು ಬರುತ್ತಿತ್ತು, ಬೈದುಕೊಂಡು ಬಟ್ಟೆ ಒಟ್ಟಿಕೊಂಡು ಎದ್ದು ಹೋಗುತ್ತಿದ್ದರು. ಸಂಜೆ ಅವಳು ನಿನಗೆ, ನಿನ್ನ ಹೊಳೆಯಿಂದ ನನ್ನ ನಲವತ್ತು ಹಾಸು ಕೊಳೆಯಾಯಿತು ಎಂದು ಜಗಳ ತೆಗೆಯುತ್ತಿದ್ದಳು. ಅಷ್ಟೇ ಆಗುತ್ತಿತ್ತು. ನೀನು ಕೇಳುತ್ತ ನಿಂತೆ ಎನ್ನುತ್ತೀಯಲ್ಲ, ಆ ನಲವತ್ತು ನಿಮಿಷ, ಅದೂ ನನ್ನದೇ. ಮೇಲಿನವರು ನಿನ್ನನ್ನು ನಂಬದೆ ಹೋದದ್ದು ನಾನು ಕೊಟ್ಟ ನಾಲ್ಕು ನಲವತ್ತನ್ನು ನೋಡಿ. ನಿನ್ನ ಬೆರಳು ತಡ ಮಾಡಲಿಲ್ಲ. ನಿನ್ನ ಬೆರಳಿನದು ಏನೂ ತಪ್ಪಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ನನ್ನನ್ನು ನಿಲ್ಲಿಸಿ ಕೇಳಿದರು, ಈ ನದಿ ಒಂದೇ ಗಂಟೆಯಲ್ಲಿ ಹೀಗೆ ಏರುವುದುಂಟೇ ಎಂದು. 'ಏರುತ್ತೆ ಸರ್. ನಮ್ಮ ತಂದೆ ಕಾಲದಲ್ಲೂ ಒಂದು ಸಲ ಏರಿತ್ತು' ಎಂದೆ. ಅಪ್ಪನನ್ನೂ ಸುಳ್ಳಿಗೆ ಸಾಕ್ಷಿ ಮಾಡಿದೆ. ಅವರಿಗೆ ಅನುಮಾನವಿತ್ತು, ಇನ್ನೊಂದು ಪ್ರಶ್ನೆ ಕೇಳುವವರಿದ್ದರು. ಅಷ್ಟರಲ್ಲಿ ನೀನು ಎದ್ದು ನಿಂತೆ. 'ನಮ್ಮಕ್ಕನ ಅಂಕಿ ಯಾವತ್ತೂ ತಪ್ಪಿಲ್ಲ ಸರ್. ತಪ್ಪು ನಂದು, ನಾನು ತಡ ಮಾಡಿದೆ' ಎಂದೆ. ಅವರು ಬರೆದುಕೊಂಡರು. ನಾನು ಕೂತೆ. ನೀನೇ ಕುರ್ಚಿ ಎಳೆದುಕೊಟ್ಟೆ, ನೆನಪಿದೆಯೇ? ನಿನ್ನನ್ನು ಕೆಲಸದಿಂದ ತೆಗೆದ ಆರ್ಡರ್ ಬಂದ ದಿನ ಹೇಳಬೇಕೆಂದುಕೊಂಡೆ. ನೀನು ನೀಲಿಯ ಮನೆ ಬಾಗಿಲಿಗೆ ಹೋಗಿ, ಅವಳ ತಾಯಿ ಮುಖದ ಮೇಲೆ ಕದ ಹಾಕಿದ ದಿನ ಹೇಳಬೇಕೆಂದುಕೊಂಡೆ. ನೀನು ಚೀಲ ತುಂಬುವಾಗ ಒಂದೊಂದೇ ಗರಿಗರಿ ಅಂಗಿಯನ್ನು ಒಳಗಿಟ್ಟೆಯಲ್ಲ, ಮಡಿಕೆ ಮುರಿಯದ ಹಾಗೆ, ಆಗ ಬಾಯಿ ತೆರೆದೂ ಇದ್ದೆ. ದಾರಿಗೆ ಬಾಟಲಿಯಲ್ಲಿ ನೀರು ತುಂಬಿಕೊಡಲಾ ಎಂದು ಕೇಳಿದೆ.

ಆ ಒಂದು ರಿಜಿಸ್ಟರನ್ನು ಮನೆಗೇ ತಂದು ಇಟ್ಟುಕೊಂಡೆ. ಎರಡು ಸಲ ಪೆನ್ನು ಹಿಡಿದೆ. ಗ್ರೀಸ್ ಮಾಮ ಬಂದು ಹೋದ ಮೇಲೆ ಆ ಪುಟ ತೆರೆಯಲೂ ಆಗಲಿಲ್ಲ. ಕಡೆಗೆ ಬುಧವಾರ ಅದನ್ನು ತೆಗೆದುಕೊಂಡು ಹೊಸ ಇಂಜಿನಿಯರಮ್ಮನ ಹತ್ತಿರ ಹೋದೆ, ಜೊತೆಗೆ ನಾನೇ ಬರೆದ ಒಂದೂವರೆ ಹಾಳೆ. ಅವರು ಓದಿ, ಮತ್ತೆ ಓದಿ, ಬಾಗಿಲು ಮುಚ್ಚಿ ಬಂದು ಕೂತರು. 'ನಾಲ್ಕು ವರ್ಷ ಆಯ್ತಲ್ಲಮ್ಮ, ಫೈಲ್ ಮುಚ್ಚಿದೆ. ಇದನ್ನ ನಾನು ತಗೊಂಡ್ರೆ ನಿಮ್ಮ ಗತಿ ಏನಾಗುತ್ತೆ ಗೊತ್ತಾ?' ಎಂದರು. ಒಳ್ಳೆಯ ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಗೊತ್ತು ಎಂದೆ. ನನ್ನ ತಮ್ಮನ ಹೆಸರು ಇನ್ನೂ ಆ ಫೈಲಿನಲ್ಲಿದೆಯಲ್ಲ ಎಂದೆ. ಸೀಲು ಹಾಕಿ ಒಂದು ಪ್ರತಿ ಕೊಟ್ಟರು. ಇದರ ಜೊತೆ ಇಟ್ಟಿದ್ದೇನೆ.

ಅಲ್ಲಿಂದ ನೇರವಾಗಿ ನೀಲಿಯ ತಾಯಿಯ ಮನೆಗೆ ಹೋದೆ. ಈಗವರು ಹೊಳೆಗೆ ಇಳಿಯುವುದಿಲ್ಲ, ಮನೆಯಲ್ಲೇ ಇಸ್ತ್ರಿ ಮಾಡುತ್ತಾರೆ. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ, ಒಂದು ದಿಂಬಿನ ಚೀಲ ಮುಗಿಸಿದರು, ಇನ್ನೊಂದು ಮುಗಿಸಿದರು. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ನಿಂತುಕೊಳ್ಳುತ್ತಿದ್ದೆ. ಕೊನೆಗೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿದರು: 'ಅವನಿಗೆ ಹೇಳಿದೀಯಾ?' ಇಲ್ಲ ಎಂದೆ. 'ನಾಲ್ಕು ವರ್ಷ ದಿನಾ ಎದ್ದ ತಕ್ಷಣ ಅವನಿಗೆ ಶಾಪ ಹಾಕಿದೀನಿ ಕಣೇ ನಾನು. ಮುಖ ತೊಳೆಯೋಕ್ಕೂ ಮೊದಲು. ಈ ಬಾಯಲ್ಲಿ. ಮೊದಲು ಹೋಗಿ ಅವನಿಗೆ ಹೇಳು. ನನ್ನ ಹತ್ರ ಆಮೇಲೆ ಬಾ. ಬರ್ಲೂ ಬೇಡ' ಎಂದರು. ಅಂಗಳ ದಾಟುವಾಗ ಹಿಂದಿನಿಂದ ಕೂಗಿದರು, 'ಅವನು ಬಂದ್ರೆ ಕದ ತೆಗೀತೀನಿ ಅಂತ ಬರಿ.' ಬರೆದಿದ್ದೇನೆ.

ಭಾವನಿಗೆ ಶುಕ್ರವಾರ ಹೇಳಿದೆ. ಊಟ ಬಿಟ್ಟು ಎದ್ದು ಹೋಗಿ ಮನೆ ಮುಂದೆ ನಿಂತ ಬಸ್ಸಿನಲ್ಲೇ ಬಹಳ ಹೊತ್ತು ಕೂತಿದ್ದು ಬಂದರು. ಇಲಾಖೆ ನನ್ನನ್ನು ಏನು ಮಾಡುತ್ತದೋ ತಿಳಿಯದು. ಕರೆದಾಗ ಹೋಗುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ನೀನು ಬಂದು ನನ್ನ ಪರ ಎದ್ದು ನಿಲ್ಲಬೇಡ. ಇದೊಂದನ್ನು ಕೈ ಮುಗಿದು ಕೇಳುತ್ತೇನೆ. ನಿನಗೆ ಆ ಚಟವಿದೆ. ಕ್ಷಮಿಸು ಎಂದು ಕೇಳುವ ಧೈರ್ಯ ನನಗಿಲ್ಲ. ಲಿಫ್ಟಿನ ಗುಂಡಿಯಾದರೂ ಇನ್ನು ಒತ್ತಲು ಆದೀತೇ ನೋಡು, ಅಷ್ಟು ಸಾಕು. ನಿನ್ನ ನಿದ್ದೆ ನಿನಗೆ ತಿರುಗಿ ಬರಲಿ. ಹೊತ್ತು ಹೊತ್ತಿಗೆ ಬಿಸಿಯಾದದ್ದೇನಾದರೂ ಹೊಟ್ಟೆಗೆ ಬೀಳಲಿ. ಹರಸುವ ಹಕ್ಕು ನನ್ನಲ್ಲಿ ಉಳಿದಿದೆಯೋ ಇಲ್ಲವೋ. ನಿನ್ನ ಐದನೇ ವಯಸ್ಸಿನಿಂದ ಮಾಡಿಕೊಂಡು ಬಂದದ್ದು, ನಿಲ್ಲಿಸಲು ಬರುತ್ತಿಲ್ಲ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದು ಇದನ್ನು ಬರೆಯುತ್ತಿದ್ದೇನೆ. ಭಾವ ಹೊರಗೆ ಹಾರ್ನ್ ಹಾಕುತ್ತಿದ್ದಾರೆ, ಅವರ ಕೈಯಲ್ಲೇ ಅಂಚೆಗೆ ಕಳಿಸಬೇಕು. ಮೆಣಸು ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, 'ಮಾಮನಿಗೆ ನನ್ನ ಬಗ್ಗೆ ಏನು ಬರೆದೆ?' ಎಂದಳು. 'ನಿನಗೆ ಚಿಕ್ಕವಳಿದ್ದಾಗ ಜ್ವರ ಬಂದಿತ್ತಲ್ಲ, ಅದನ್ನ ಬರೆದೆ' ಎಂದೆ. ಸ್ವಲ್ಪ ಹೊತ್ತು ಯೋಚಿಸಿ, 'ಅದಕ್ಕೇನಾ ಮಾಮ ಬರದೇ ಇರೋದು?' ಎಂದು ಕೇಳಿ ಚೀಲ ಹೆಗಲಿಗೇರಿಸಿಕೊಂಡು ಹೋದಳು. ಜ್ವರವಲ್ಲ ತಮ್ಮಾ. ಹನ್ನೆರಡೂಮುಕ್ಕಾಲಿಗೇ ಜ್ವರ ಇಳಿದಿತ್ತು. ನರ್ಸು ಹಣೆ ಮುಟ್ಟಿ ನೋಡಿ, 'ಇನ್ನು ಕರ್ಕೊಂಡು ಹೋಗಿ' ಎಂದಿದ್ದರು. ಗಾಡಿ ಸಿಗಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಹಾಲಿನ ವ್ಯಾನಿನವನೇ ಒಳಗೆ ಬಂದು, 'ಸೇತುವೆ ಕಡೆ ಹೊರಟೆ ಅಕ್ಕ, ಬರ್ತೀರಾ?' ಎಂದು ಕೇಳಿದ. ಹತ್ತಿದ್ದರೆ ಒಂದು ಗಂಟೆಗೆ ಮೆಟ್ಟಿಲ ಮೇಲಿರುತ್ತಿದ್ದೆ. ಮಗು ಬೆವತು ತೊಡೆಯ ಮೇಲೆ ನಿದ್ದೆ ಹೋಗಿತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಆ ಮಳೆಗಾಲವಿಡೀ ನಾನು ಹಾಗೆ ಒಂದು ಕಡೆ ಕೂತಿರಲಿಲ್ಲ. 'ನೀನು ಹೋಗಪ್ಪ' ಎಂದೆ. ಇಂಜಿನಿಯರಮ್ಮನಿಗೆ ಕೊಟ್ಟ ಹಾಳೆಯಲ್ಲೂ ಇದನ್ನು ಬರೆದಿಲ್ಲ, ಈಗ ಹೋಗಿ ಸೇರಿಸಿ ಬರುತ್ತೇನೆ. ಮೆಣಸು ದೊಡ್ಡವಳಾದ ಮೇಲೆ ನಿನ್ನನ್ನು ಹುಡುಕಿಕೊಂಡು ಬಂದು ಕೇಳಿಯೇ ಕೇಳುತ್ತಾಳೆ. ಆಗ ಅವಳಿಗೆ ಹೇಳು, ನಿನ್ನ ಜ್ವರ ಆಗಲೇ ಇಳಿದಿತ್ತು, ನಿಮ್ಮಮ್ಮನಿಗೆ ಏಳಲು ಮನಸ್ಸಾಗಲಿಲ್ಲ, ಅಷ್ಟೇ ಅಂತ.